ಲೇಔಟಿನಲ್ಲೊಂದು ಕಣ

ಕಳೆದ ವಾರ ಬಿದ್ದೆ. ಮನೆ ಎದುರಿನ ತಿರುವಿನಲ್ಲೇ, ಸ್ಕೂಟರ್ ಸಮೇತ, ಗೋವಿನಜೋಳದ ಮೇಲೆ.

ಶಿಗ್ಗಾಂವಿಯ ನಮ್ಮ ಲೇಔಟಿನಲ್ಲಿ ಸುಗ್ಗಿ ಬಂತೆಂದರೆ ಅರ್ಧ ರಸ್ತೆ ನಮ್ಮದು, ಅರ್ಧ ಗೋವಿನಜೋಳದ್ದು. ಹಿಂದಿನ ಓಣಿಯ ಫಕ್ಕೀರವ್ವ ತನ್ನ ಬೆಳೆಯನ್ನು ನಮ್ಮ ಹೊಸ ಟಾರ್ ರಸ್ತೆಯ ಮೇಲೆ ಒಣಹಾಕುತ್ತಾಳೆ. ಗಾಡಿ ಹಾಯದಿರಲಿ ಎಂದು ಅಂಚಿಗೆ ಕಲ್ಲಿಡುತ್ತಾಳೆ. ಆ ಕಲ್ಲು ತಪ್ಪಿಸಲು ಹೋಗಿಯೇ ನಾನು ಕಾಳಿನ ಮೇಲೆ ಜಾರಿದ್ದು.

ಫಕ್ಕೀರವ್ವ ಓಡಿ ಬಂದಳು. ಎಬ್ಬಿಸಲು ಬಂದಳು ಅಂದುಕೊಂಡೆ.

“ಸರ್, ಮೊದ್ಲ ಚಪ್ಪಲ್ ತಗೀರಿ! ರಾಶಿ ಮ್ಯಾಲ ಚಪ್ಪಲಗಾಲು ಇಟ್ಟೀರಲ್ರೀ!”

ಮೊಣಕಾಲು ತರಚಿ ರಕ್ತ ಬರುತ್ತಿದೆ, ಈಕೆ ಚಪ್ಪಲಿ ಬಿಡು ಅನ್ನುತ್ತಾಳೆ! ಅದೂ ಪುರಸಭೆಯ ರಸ್ತೆಯಲ್ಲಿ! ಪಿತ್ತ ನೆತ್ತಿಗೇರಿತು.

“ಇದೇನು ನಿಮ್ಮ ಕಣ ಅಂತ ತಿಳದೀಯೇನು?” ಎಂದು ಒದರಿದೆ.

“ಹೌದ್ರಿ” ಅಂದಳು. ಅಷ್ಟೇ ಸಲೀಸಾಗಿ. ಆಮೇಲೆ ನನ್ನನ್ನು ಎಬ್ಬಿಸಿ ಕಟ್ಟೆಗೆ ಕೂಡಿಸಿ, ನೀರು ತಂದು ಕೊಟ್ಟಳು. “ಕಿಡಕ್ಯಾಗ ನಿಮ್ಮ ಟಿ.ವಿ. ಕಾಣ್ತೈತಲ್ಲ, ಅಲ್ಲೇ ನೋಡ್ರಿ ನಮ್ಮ ಮೇಟಿ ಇತ್ತು.”

(ಮೇಟಿ ಅಂದರೆ ಕಣದ ನಡುವಿನ ಕಂಬ. ಅದರ ಸುತ್ತ ಎತ್ತು ತಿರುಗಿಸಿ ರಾಶಿ ಮಾಡುತ್ತಿದ್ದರು. ಕಣದೊಳಗೆ ಚಪ್ಪಲಿ ಮೆಟ್ಟಿ ಕಾಲಿಟ್ಟರೆ ನಮ್ಮಜ್ಜ ಬಾರಕೋಲು ಹುಡುಕುತ್ತಿದ್ದ.)

ಸಿಟ್ಟು ಸ್ವಲ್ಪ ಇಳಿಯಿತು. ವಿಚಾರಿಸಿದೆ. ಮೈದುನರು ಪಾಲು ಕೇಳಿದಾಗ ಈ ಹೊಲ ಮಾರಿ ಹೋಯಿತಂತೆ. ಹೊಲ ಪ್ಲಾಟಾಯಿತು, ಪ್ಲಾಟು ನಮ್ಮ ಮನೆಯಾಯಿತು. ತಮ್ಮ ಪಾಲಿಗೆ ಬಂದ ದುಡ್ಡಿನಲ್ಲಿ ಆಕೆಯ ಗಂಡ ದೂರದಲ್ಲಿ ಒಂದು ತುಂಡು ಹೊಲ ಹಿಡಿದ.

“ಮತ್ತ ಅಲ್ಲೇ ಒಣಗಸಬೇಕಿಲ್ಲೋ?”

“ಅಲ್ಲಿ ಬದುವಿನ ತನಕಾ ಬಿತ್ತೇವ್ರಿ, ಕಣ ಎಲ್ಲಿ ಮಾಡೂಣು? ಹಸಿ ಒಯ್ದರ ವ್ಯಾಪಾರಿ ಹಲ್ಲಾಗ ಕಡದು ನೋಡಿ ವಾಪಸ್ ಕಳಸ್ತಾನ. ವರ್ಷದ ದುಡಿಮಿರಿ ಇದು. ನಾಕು ಬಿಸಿಲು ಸಿಕ್ಕರ ಸಾಕು, ನಿಮ್ಮ ರೋಡ್ ನಿಮಗ.”

ಆದರೆ ಅಷ್ಟರಲ್ಲಿ ನನ್ನ ಮೊಣಕಾಲಿನ ಫೋಟೊ ಲೇಔಟಿನ ವಾಟ್ಸಾಪ್ ಗ್ರೂಪಿಗೆ ಹೋಗಿಬಿಟ್ಟಿತ್ತು. (ಹಾಕಿದ್ದು ನನ್ನ ಹೆಂಡತಿ.) ಸಂಜೆಯೇ ಮೀಟಿಂಗು. ನಮ್ಮ ಸಂಘದ ಸೆಕ್ರೆಟರಿ ಶಿವನಗೌಡ್ರು, ಬ್ಯಾಂಕಿನಿಂದ ರಿಟೈರ್ ಆದವರು, ತಮ್ಮ ಅಂಗಳದಲ್ಲಿ ಖುರ್ಚಿ ಹಾಕಿಸಿದರು. ಸೋಮವಾರ ರಸ್ತೆಗೊಂದು ಗೇಟು ಕೂರಿಸುವುದು, ಗೋವಿನಜೋಳ ಬಂದ್. ಇದು ಪ್ರಸ್ತಾಪ. ಸಾಕ್ಷಿ ನನ್ನ ಮೊಣಕಾಲು.

ಸುಮ್ಮನೆ ಸುತ್ತ ನೋಡಿದೆ. ಯಾರಿದ್ದಾರೆ ಇಲ್ಲಿ? ಗೌಡ್ರು ತಡಸದವರು. ನಾನು ಹಾನಗಲ್ಲ ಕಡೆಯ ಆಡೂರಿನವನು. ಮೂಲೆಮನೆಯ ನರ್ಸಮ್ಮ ಸವಣೂರಿನ ಹಳ್ಳಿಯಾಕೆ, ಪಕ್ಕದ ಬಸ್ ಡ್ರೈವರು ಹಿರೇಕೆರೂರಿನ ಕಡೆಯವನು. ಈ ಊರಿನ ಮೂಲದವರು ಒಬ್ಬರಾದರೂ? ಇಲ್ಲ. ಶಾಲೆಗಾಗಿ ಬಂದೆವು, ದವಾಖಾನೆಗಾಗಿ ಬಂದೆವು. ಈಗಂತೂ ಹೆಣ್ಣು ಕೊಡುವವರು ಹೊಲ ಎಷ್ಟಿದೆ ಎಂದು ಕೇಳುವುದಿಲ್ಲ, “ಪ್ಯಾಟ್ಯಾಗ ಮನಿ ಐತೇನ್ರಿ?” ಅನ್ನುತ್ತಾರೆ. ಹಾಗಾಗಿ ಬಂದೇ ಬರುತ್ತೇವೆ. ಪಟ್ಟಣದ ಜನಸಂಖ್ಯೆ ಏರುತ್ತಿದೆ ಎಂದು ಪೇಪರಿನಲ್ಲಿ ಓದಿ ಹೌಹಾರುವವರೂ ನಾವೇ. ಏರಿಸಿದವರು ಯಾರು ಮತ್ತೆ?

ಬಂದದ್ದು ತಪ್ಪೇ? ಅಲ್ಲ. ಫಕ್ಕೀರವ್ವನ ಹೊಲವನ್ನು ಯಾರೂ ಕಸಿದುಕೊಳ್ಳಲಿಲ್ಲ, ಮಾರಿದರು, ಕೊಂಡೆವು. ಆದರೆ ಲೇಔಟಿನ ನಕಾಶೆಯಲ್ಲಿ ಪಾರ್ಕಿಗೆ ಜಾಗವಿದೆ, ಗುಡಿಗೆ ಜಾಗವಿದೆ, ಗಟಾರಿಗೂ ಇದೆ. ಸುತ್ತಲೂ ಹೊಲವಿರುವ ಊರಿನಲ್ಲಿ ಒಂದು ಕಣ ಬೇಕಾದೀತು ಅಂತ ಯಾರಿಗೂ ಹೊಳೆಯಲಿಲ್ಲ. ಈಗ ಅದನ್ನು ಯಾರನ್ನು ಕೇಳುವುದು?

ಎದ್ದು ನಿಂತೆ. “ಪಾರ್ಕಿನ ಜಾಗಾ ಬರೇ ಜಾಲಿಕಂಟಿ ಬೆಳದು ಬಿದ್ದೈತಿ. ಹಸನ ಮಾಡಿ ಸುಗ್ಗಿ ಮುಗಿಯೂತನಕಾ ಆಕಿಗೆ ಬಿಟ್ಟುಕೊಡೂಣು” ಅಂದೆ.

“ಸರ್, ಇದು ಲೇಔಟ್ ರೀ. ಹಳ್ಳಿ ಅಲ್ಲ” ಅಂದರು ಗೌಡ್ರು. ಎಲ್ಲರೂ ನಕ್ಕರು. ನಾನೂ ನಕ್ಕೆ. (ಯಾಕೆ ನಕ್ಕೆನೋ, ನನಗೂ ಗೊತ್ತಿಲ್ಲ.) ಗೇಟು ಪಾಸಾಯಿತು.

ಶನಿವಾರ ಮಧ್ಯಾಹ್ನ ಏಕಾಏಕಿ ಮೋಡ ಕಟ್ಟಿತು. ನಾಲ್ಕು ಹನಿ ಬಿದ್ದದ್ದೇ ತಡ, ಬೀದಿಯಲ್ಲಿ ಗದ್ದಲ. ಹೊರಗೆ ಬಂದು ನೋಡಿದರೆ ಏನು ಹೇಳಲಿ! ಶಿವನಗೌಡ್ರು, ಲುಂಗಿ ಎತ್ತಿಕಟ್ಟಿ, ಬರಿಗಾಲಲ್ಲಿ, ತಮ್ಮ ಹೊಸ ಕಾರಿನ ಹೊದಿಕೆ ಕಿತ್ತುಕೊಂಡು ಓಡಿಬರುತ್ತಿದ್ದಾರೆ.

“ಏ ಫಕ್ಕೀರವ್ವಾ, ಆ ಕಡಿ ಹಿಡಿಯವಾ! ಸರ್, ನೋಡ್ಕೋತ ನಿಂತೀರಲ್ಲ, ಕಲ್ಲು ಹೇರ್ರಿ ಇದರ ಮ್ಯಾಲ!”

ಯಾರು ಯಾರನ್ನೂ ಕರೆಯಲಿಲ್ಲ. ನರ್ಸಮ್ಮ ಬಂದಳು, ಡ್ರೈವರು ಬಂದ. ಒಬ್ಬರು ಕಾಳು ಗುಂಪೆ ಹಾಕಿದರೆ ಇನ್ನೊಬ್ಬರು ತಾಡಪತ್ರಿ ಎಳೆದರು. ಎಷ್ಟೋ ವರ್ಷ ಕಣ ಕಾಣದ ಕೈಗಳು, ಒಂದೂ ತಡವರಿಸಲಿಲ್ಲ. ಮಳೆ ಜೋರಾಗುವುದರೊಳಗೆ ರಾಶಿ ಉಳಿಯಿತು. ನಮ್ಮ ಬಟ್ಟೆಯೆಲ್ಲ ತೊಯ್ದು ತೊಪ್ಪೆ. ಫಕ್ಕೀರವ್ವ ಗೌಡ್ರಿಗೆ ಕೈಮುಗಿದು ಅತ್ತೇಬಿಟ್ಟಳು. ಇನ್ನು ಗೇಟಿನ ಮಾತು ಮುಗಿಯಿತು ಅಂದುಕೊಂಡೆ.

ಸೋಮವಾರ ಬೆಳಿಗ್ಗೆ ವೆಲ್ಡಿಂಗಿನವನು ಬಂದ. ಗೇಟು ಕೂತಿತು.

“ಗೌಡ್ರ, ಶನಿವಾರ ನೀವಽ ಮುಂದಿದ್ರಿ, ಮತ್ತ...” ಎಂದು ರಾಗ ಎಳೆದೆ.

“ಅದು ಬ್ಯಾರೆ, ಇದು ಬ್ಯಾರೆ ರೀ ಸರ್. ಕಾಳು ತೋಯಾಕ ಬಿಡೋದು ಪಾಪ. ರೋಡ್ ಅಡ್ಡಗಟ್ಟೋದು ತಪ್ಪು.”

ಎರಡೂ ಮಾತು ಖರೆ.

ಫಕ್ಕೀರವ್ವ ಈಗ ಹೈವೇ ಪಕ್ಕದ ಸರ್ವಿಸ್ ರೋಡಿನಲ್ಲಿದ್ದಾಳೆ. ನಿನ್ನೆ ನೋಡಿದೆ. ಇನ್ನೂ ಎರಡು ಬಿಸಿಲು ಬೇಕಂತೆ. ಲಾರಿಗಳಿಗೆ ಬೆನ್ನು ಮಾಡಿ ಕೂತು ಕಾಳಿನಲ್ಲಿ ಕೈಯಾಡಿಸುತ್ತಿದ್ದಳು.

“ಹುಷಾರವಾ” ಅಂದೆ.

“ಇಲ್ಲೇ ಚಲೋ ಐತ್ರಿ ಸರ್. ಯಾರೂ ಬೈಯಾಂಗಿಲ್ಲ. ಲಾರಿಯವ್ರಿಗೆ ಬೈಯಾಕೂ ಪುರುಸೊತ್ತಿಲ್ಲ” ಎಂದು ನಕ್ಕಳು. ನನಗೆ ನಗು ಬರಲಿಲ್ಲ, ಹೆದರಿಕೆ ಬಂತು.

ಮೋಡ ಕಟ್ಟಿದರೆ ಹಳ್ಳಿಯವರು, ಬಿಸಿಲು ಬಿದ್ದರೆ ಪಟ್ಟಣದವರು. ನಿಜವಾಗಿ ನಾವು ಯಾವ ಊರಿನವರು?