ಕೈ ಮುರಿದು ತುತ್ತಿಟ್ಟವರು

ನಮ್ಮತ್ತೆಯ ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಕಿರುಬೆರಳು, ಅದರ ಪಕ್ಕದ್ದು, ಎರಡೂ ಗೂಟದ ಹಾಗೆ ನೆಟ್ಟಗೆ ನಿಂತಿದ್ದವು. ಉಳಿದ ಮೂರರಲ್ಲೇ ಪಾತ್ರೆಯನ್ನು ಒತ್ತಿಹಿಡಿದು, ಬಲಗೈಯಲ್ಲಿ ಕೋಲು ಹಾಕಿ, ಹತ್ತು ಆಳಿನ ಮುದ್ದೆಯನ್ನು ಒಬ್ಬರೇ ತಿರುವುತ್ತಿದ್ದರು. ಮದುವೆಯಾಗಿ ಕಟ್ಟೆಮಳಲವಾಡಿಗೆ ಬಂದ ಹೊಸತರಲ್ಲಿ ನಾನು ಕೇಳಿದೆ, ‘ಇದೇನತ್ತೆ, ಎಲ್ಲಾದ್ರೂ ಬಿದ್ದಿದ್ರಾ?’

‘ಬಸ್ಸಾರಿಗೆ ಉಪ್ಪು ಜಾಸ್ತಿ ಆಗಿತ್ತು ಕಣಮ್ಮಿ,’ ಎಂದರು.

ಮಾವ ರುಬ್ಬುವ ಗುಂಡನ್ನು ಅವರ ಕೈಮೇಲೆ ಎತ್ತಿಹಾಕಿದ್ದರಂತೆ. ನಾನು ಬರುವ ಹೊತ್ತಿಗೆ ಮಾವ ಗೋಡೆಯ ಫೋಟೊ ಸೇರಿದ್ದರು. ಆ ಫೋಟೊಗೆ ದಿನಾ ಹೂ ಮುಡಿಸುತ್ತಿದ್ದವರೂ ಇದೇ ಅತ್ತೆ. ನನಗೆ ಮೈ ಉರಿಯುತ್ತಿತ್ತು.

ಅವರೇನು ಸಾಧು ಹೆಂಗಸಲ್ಲ. ಅಡುಗೆಮನೆಯಲ್ಲಿ ಮೆತ್ತಗೆ ಮಾಡುವುದು ಅವರಿಗೆ ಬರುತ್ತಲೇ ಇರಲಿಲ್ಲ. ತೆಂಗಿನಕಾಯಿ ಒಡೆದರೆ ಹಟ್ಟಿಯ ನಾಯಿ ಎದ್ದು ಓಡಬೇಕು. ಬೆಳ್ಳುಳ್ಳಿಯನ್ನು ಹಳೆ ಸೇಡು ತೀರಿಸುವವರಂತೆ ಜಜ್ಜುತ್ತಿದ್ದರು. ಕೋಳಿ ಕೊಯ್ಯಲು ಗಂಡಸರನ್ನು ಕಾಯುತ್ತಿರಲಿಲ್ಲ. ಆದರೆ ಆ ಕೈಯ ರುಚಿ! ಮಳೆ ಹಿಡಿದಾಗ ಕಾಳುಮೆಣಸು ಹಾಕಿ ಕುದಿಸಿದ ಅಣಬೆ ಸಾರು, ಚಳಿ ಬಿದ್ದಾಗ ಹಿದಕಿದ ಅವರೆಬೇಳೆ ಸಾರು. ಬೀದಿಯ ಆ ತುದಿಗೆ ವಾಸನೆ ಹೋಗಿ, ಯಾರಾದರೊಬ್ಬರು ಏನೋ ನೆಪ ಹೇಳಿಕೊಂಡು ಒಳಗೆ ಬಂದೇ ಬರುತ್ತಿದ್ದರು.

ಆ ಮನೆಯಲ್ಲಿ ನನಗೆ ಬಿದ್ದ ಮೊದಲ ಏಟೂ ಅವರದೇ. ಅವರೆಕಾಳು ಬೇಯುವ ಮೊದಲೇ ನಾನು ಉಪ್ಪು ಹಾಕಿಬಿಟ್ಟಿದ್ದೆ. ಸೌಟು ತಿರುಗಿಸಿ ಹಿಡಿಯಿಂದ ಮೊಣಕೈಗೆ ಬಾರಿಸಿದರು. ‘ಕಾಳು ಬೇಯದೆ ನಿಂತ್ರೆ ಅವ್ನು ತಟ್ಟೆ ಎಸೀತಾನೆ. ನಿಂಗೆ ಗೊತ್ತಾಗ್ಬೇಕು,’ ಎಂದರು. ಅವ್ನು ಎಂದರೆ ಅವರ ಮಗ, ನನ್ನ ಗಂಡ. ಆತ ತಟ್ಟೆಯನ್ನಷ್ಟೇ ಎಸೆಯುವವರಲ್ಲ ಎಂಬುದು ತಿಂಗಳೊಳಗೆ ತಿಳಿಯಿತು. ಬೆಲ್ಟು, ಚಪ್ಪಲಿ, ಒಮ್ಮೆ ಬಿಸಿ ಸಾರು. ಅತ್ತೆ ಆಗೆಲ್ಲ ಒಲೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದರು. ಎಲ್ಲ ಮುಗಿದ ಮೇಲೆ ಬಂದು ಅರಿಸಿನ ಹಚ್ಚುತ್ತಿದ್ದರು. ಅವರನ್ನು ನಾನು ಗಂಡನಿಗಿಂತ ಹೆಚ್ಚು ದ್ವೇಷಿಸಿದ ದಿನಗಳಿವೆ.

ನಮ್ಮಪ್ಪ ಪಿರಿಯಾಪಟ್ಟಣದ ಬೇಕರಿಯೊಂದರಲ್ಲಿ ಒಲೆಯ ಮುಂದೆ ದುಡಿದವರು. ತವರಿನಿಂದ ನಾನು ತಂದ ವಿದ್ಯೆ ಅದೊಂದೇ. ನಮ್ಮ ಮನೆಯ ಹಿಂದೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇದೆ. ಕಡ್ಡಿಗಳಿಗೆ ಹಸಿರೆಲೆ ಕಟ್ಟಿ ಅದರೊಳಗೆ ನೇತುಹಾಕಿ, ಹೊರಗಿನ ಒಲೆಯಲ್ಲಿ ಸೌದೆ ಉರಿಸಿ ದಿನಗಟ್ಟಲೆ ಕಾವು ಕೊಡಬೇಕು. ಸೊಪ್ಪಿನ ಕಾಲದಲ್ಲಿ ಅಲ್ಲಿ ಕೆಂಡಕ್ಕೆ ಬರವಿಲ್ಲ. ಒಂದು ಮಧ್ಯಾಹ್ನ ಆ ಕೆಂಡವನ್ನು ಎಳೆದುಕೊಂಡು, ಹಳೇ ಡಬರಿಗೆ ಮರಳು ಹಾಕಿ, ರಾಗಿಹಿಟ್ಟು, ಬೆಲ್ಲ, ಕಳಿತ ಬಾಳೆಹಣ್ಣು ಕಲಸಿದ ತಟ್ಟೆಯನ್ನು ಅದರ ಮೇಲಿಟ್ಟು ಕೇಕು ಬೇಯಿಸಿದೆ. ಮುಚ್ಚಳದ ಮೇಲೂ ಕೆಂಡ ಹರಡುವುದನ್ನು ಅತ್ತೆ ಸೊಂಟಕ್ಕೆ ಕೈ ಕೊಟ್ಟು ನೋಡಿದರು.

‘ಮ್ಯಾಲೂ ಕೆಂಡ, ಕೆಳ್ಗೂ ಕೆಂಡ. ಈ ಮನೆ ಸೊಸೇರ್ ಬಾಳು ಬುಡು,’ ಎಂದು ನಕ್ಕರು. ಆಮೇಲೆ ಅರ್ಧ ಕೇಕನ್ನು ಅವರೇ ಮುಗಿಸಿದರು. ಅಲ್ಲಿಂದ ಮುಂದೆ ‘ಆ ನಿನ್ ಬೇಕರಿದು ಮಾಡಮ್ಮಿ’ ಎಂದು ಕೇಳುವುದು ಶುರುವಾಯಿತು.

ಮೂರನೆಯ ವರ್ಷದ ಸೊಪ್ಪಿನ ಕಾಲ. ಅತ್ತೆಗೆ ಜ್ವರ ಬಂದು ನಾಲ್ಕು ದಿನದಿಂದ ಗಂಜಿಯೂ ಸೇರುತ್ತಿರಲಿಲ್ಲ. ಗಂಡ ಬ್ಯಾರನ್ನಿನ ಒಲೆಯನ್ನು ನನ್ನ ಪಾಲಿಗೆ ಬಿಟ್ಟು ಸೌದೆಗೆಂದು ಹುಣಸೂರಿಗೆ ಹೋಗಿದ್ದರು. ಎಲೆ ಹಳದಿಗೆ ತಿರುಗುವ ಹೊತ್ತು; ಆಗ ಕಾವು ಇಳಿಯಬಾರದು ಎಂದು ನನಗೂ ಗೊತ್ತಿತ್ತು. ಆದರೂ ಅತ್ತೆಯ ಬಾಯಿಗೆ ಏನಾದರೂ ಸೇರಲಿ ಎಂದು ಕೇಕಿಗೆ ಎರಡು ಬಾಣಲಿ ಕೆಂಡ ತೆಗೆದೆ. ಅಷ್ಟರಲ್ಲಿ ಮಳೆ ಹೊಯ್ದುಕೊಂಡಿತು. ಬ್ಯಾರನ್ ಗೋಡೆಯ ಗಾಜಿನ ಹಿಂದೆ ಥರ್ಮಾಮೀಟರಿನ ಗೆರೆ ಇಳಿಯಿತು. ಎಷ್ಟು ಸೌದೆ ತುರುಕಿದರೂ ಅದು ಮೇಲೇಳಲಿಲ್ಲ. ಹಳದಿಯಾಗಬೇಕಾದ ಎಲೆ ಕಪ್ಪಾಗತೊಡಗಿತು.

ಗಂಡ ಬಂದವರು ಮೊದಲು ಗಾಜು ನೋಡಿದರು, ಆಮೇಲೆ ಡಬರಿ ನೋಡಿದರು. ಡಬರಿಯನ್ನು ಒದ್ದು, ನನ್ನ ಜಡೆಯನ್ನು ಕೈಗೆ ಸುತ್ತಿಕೊಂಡು ಬ್ಯಾರನ್ನಿನ ಒಲೆಯ ಬಾಯಿಗೆ ಎಳೆದರು. ಮುಖವನ್ನು ಉರಿಯ ಕಡೆ ಒತ್ತಿದರು. ಹುಬ್ಬು ಸುಟ್ಟ ವಾಸನೆ ನನ್ನ ಮೂಗಿಗೇ ಬಡಿಯಿತು. ನಾನು ಒಲೆಯ ಅಂಚನ್ನು ಹಿಡಿದು ಹಿಂದಕ್ಕೆ ತಳ್ಳಿದೆ. ಅಂಗೈಯ ಚರ್ಮ ಇಟ್ಟಿಗೆಗೆ ಅಂಟಿಕೊಂಡಿತು. ಇವತ್ತಿಗೆ ಸತ್ತೆ ಎಂದುಕೊಂಡೆ.

‘ಬುಡ್ಲಾ ಅವಳ್ನ.’

ಅತ್ತೆಯ ದನಿ. ಗಂಡ ಬಿಡಲಿಲ್ಲ.

‘ಬುಡು ಅಂದೆ ಕಣ್ಲಾ.’

ಮೂರನೆಯ ಸಲ ಹೇಳಲಿಲ್ಲ. ಬೆಂಕಿ ಕೆದಕುವ ಕಬ್ಬಿಣದ ಸಲಾಕೆ ಬೀಸಿದ ಸದ್ದು ಬಂತು, ಆಮೇಲೆ ಒಣಸೌದೆ ಮುರಿದಂಥ ಸದ್ದು. ಜಡೆ ಸಡಿಲವಾಯಿತು. ತಿರುಗಿ ನೋಡಿದರೆ ಗಂಡ ಕೆಸರಿನಲ್ಲಿ ಕೂತು ಬಲಗೈ ಹಿಡಿದುಕೊಂಡು ಅರಚುತ್ತಿದ್ದರು. ಮಣಿಕಟ್ಟು ತಿರುಚಿ ನೇತಾಡುತ್ತಿತ್ತು. ಅತ್ತೆ ಜ್ವರದಲ್ಲಿ ಗಡಗಡ ನಡುಗುತ್ತಾ ಸಲಾಕೆ ಹಿಡಿದೇ ನಿಂತಿದ್ದರು.

‘ಕೆಂಡ ತೆಗ್ದೋಳು ನಾನು ಕಣ್ಲಾ. ಬಾ, ನನ್ ಮಕ ತುರುಕು ಒಲೆಗೆ. ಬಾ!’

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ನನ್ನ ಗಂಡ ‘ಜಾರಿ ಬಿದ್ದೆ’ ಎಂದರು. ನಾನು ಅಲ್ಲೇ ಪಕ್ಕದಲ್ಲಿ ಅಂಗೈಗೆ ಮುಲಾಮು ಹಚ್ಚಿಸಿಕೊಳ್ಳುತ್ತಿದ್ದೆ. ಎಷ್ಟೋ ಸಲ ನಾನು ಹೇಳಿದ್ದ ಸುಳ್ಳು ಅವರ ಬಾಯಲ್ಲಿ ಬಂದದ್ದಕ್ಕೆ ನನಗೆ ಸಂತೋಷವೇ ಆಯಿತು. ಸುಳ್ಳೇಕೆ ಹೇಳಲಿ?

ಪ್ಲಾಸ್ಟರ್ ಹಾಕಿದ ಕೈಯಲ್ಲಿ ಮುದ್ದೆ ಮುರಿಯಲು ಆಗುವುದಿಲ್ಲ. ಎಡಗೈಯಲ್ಲಿ ಉಣ್ಣಲು ನಮ್ಮಲ್ಲಿ ಯಾರೂ ಒಪ್ಪುವುದಿಲ್ಲ. ನಾನು ತಟ್ಟೆ ಎತ್ತಿಕೊಂಡಾಗ ಅತ್ತೆ ಕಿತ್ತುಕೊಂಡರು. ‘ನಿನ್ ಕೈಯೂ ಸುಟ್ಟದೆ, ನೀನು ಕುಂತ್ಕೊ. ಮುರ್ದೋಳು ನಾನು, ತಿನ್ಸೋಳೂ ನಾನೇ.’ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಮೀಸೆ ಬಂದ ಮಗನ ಬಾಯಿಗೆ ಇಟ್ಟರು.

‘ನಿಮ್ಮಪ್ಪ ನನ್ ಬೆಳ್ಳು ಜಜ್ಜಿದಾಗ ನೀನು ನೋಡ್ತಾ ಕುಂತಿದ್ದೆ. ಎಲ್ಡೇ ವರ್ಸದೋನು. ನಾನು ಬಾಯ್ ಮುಚ್ಕೊಂಡು ಮಾರ್ನೇ ದಿನ ಸಾರು ಕಾಸ್ದೆ. ತಪ್ಪು ನಂದೂ ಅದೆ. ನುಂಗು.’

ಆತ ನುಂಗಿದರು. ಮೂರನೆಯ ತುತ್ತಿಗೆ ಅಳತೊಡಗಿದರು. ಅತ್ತೆ ಕೈ ನಿಲ್ಲಿಸಲಿಲ್ಲ. ಪ್ಲಾಸ್ಟರ್ ಬಿಚ್ಚುವವರೆಗೆ ಎರಡು ಹೊತ್ತೂ ಹೀಗೇ ನಡೆಯಿತು. ನಾನು ಎದುರಿಗೇ ಕೂತು ಉಣ್ಣಬೇಕೆಂದು ಅವರ ಕಟ್ಟಪ್ಪಣೆ. ಅಲ್ಲಿಯವರೆಗೆ ಗಂಡಸರು ಎದ್ದ ಮೇಲೆ ಉಣ್ಣುತ್ತಿದ್ದ ಮನೆ ಅದು.

ಆಮೇಲೆ ನನ್ನ ಮೇಲೆ ಯಾರೂ ಕೈ ಮಾಡಲಿಲ್ಲ, ಅತ್ತೆಯೂ ಸೇರಿ.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ತಿಥಿ ಮುಗಿದು ನೆಂಟರೆಲ್ಲ ಹೋದ ಮಾರನೆಯ ದಿನ ನಾವಿಬ್ಬರೇ ಉಣ್ಣಲು ಕೂತಿದ್ದೆವು. ಅವರೆಬೇಳೆ ಸಾರು ತಳ ಹತ್ತಿತ್ತು. ಒಂದು ತುತ್ತು ಬಾಯಿಗಿಟ್ಟ ಗಂಡ ತಟ್ಟೆ ತಳ್ಳಿ ಕೈ ಎತ್ತಿದರು. ಮನೆಯಲ್ಲಿ ಬೇರೆ ಯಾರೂ ಇಲ್ಲ. ಆದರೂ ನಾನು ಏಳಲಿಲ್ಲ.

‘ಅವತ್ತು ಕೆಂಡ ತೆಗ್ದೋಳು ನಾನು ಕಣ್ರೀ, ಅತ್ತೆ ಅಲ್ಲ. ಹೊಡೆಯೋದಾದ್ರೆ ಅದಕ್ಕೂ ಸೇರ್ಸಿ ಹೊಡೀರಿ,’ ಎಂದೆ.

ಎತ್ತಿದ ಕೈ ಅಲ್ಲೇ ಸ್ವಲ್ಪ ಹೊತ್ತು ಇತ್ತು. ಆಮೇಲೆ ಅದು ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡಿತು.

‘ನಂಗೊತ್ತಿತ್ತು,’ ಎಂದರು. ‘ಜ್ವರ ಬಂದು ಎದ್ದು ಕೂರಕ್ಕೆ ಆಯ್ತಿರ್ಲಿಲ್ಲ ನಮ್ಮವ್ವಂಗೆ. ಅವ್ಳೆಲ್ಲಿ ಕೆಂಡ ತೆಗೀತಾಳೆ?’

ಗಂಡನನ್ನು ನಾನು ಕ್ಷಮಿಸಿದೆ ಎಂದಲ್ಲ. ಎದ್ದು ಕೂರಲಾಗದಿದ್ದ ಅತ್ತೆ ಅವತ್ತು ಮಳೆಯಲ್ಲಿ ಹಿತ್ತಿಲಿನವರೆಗೆ ನಡೆದು ಬಂದಿದ್ದರು. ಸಾವಿನ ಮನೆಯಲ್ಲಿ ಬರದಿದ್ದ ಅಳು ನನಗೆ ಆಗ ಬಂತು.