ಸುಣ್ಣದ ಬೊಟ್ಟಿಟ್ಟ ಕಾಯಿ

ಮೊನ್ನೆ ಮೊಮ್ಮಗನ ಶೀತಕ್ಕೆಂದು ನನ್ನವಳು ಓಂಕಾಳು ಹುರಿಯುತ್ತಿದ್ದಳು. ಘಾಟು ನಡುಮನೆ ದಾಟಿ ಜಗಲಿಗೂ ಬಂತು. ಪೇಪರು ಓದುತ್ತಿದ್ದವನು ಹಾಗೇ ಕೂತುಬಿಟ್ಟೆ. ತಿಪಟೂರಿನ ಗ್ರಂಧಿಗೆ ಅಂಗಡಿಯ ಯಜಮಾನರು ಎದುರಿಗೆ ಬಂದು ನಿಂತಂತಾಯಿತು... ಅವರು ಹೋಗಿ ಆರು ವರ್ಷವಾಯಿತು.

ನಾನು ಇಪ್ಪತ್ತಾರು ವರ್ಷ ಸೇದಿದವನು. ಮಕ್ಕಳಿಗೆ ಆರೋಗ್ಯದ ಪಾಠ ಮಾಡಿ, ಬೆಲ್ಲು ಹೊಡೆದ ಕೂಡಲೇ ಶಾಲೆಯ ಹಿಂದಿನ ಬೇಲಿಗೆ ಹೋಗಿ ಹಚ್ಚುತ್ತಿದ್ದ ಮಹಾನುಭಾವ. ಬರಬರುತ್ತಾ ಹಾಲ್ಕುರಿಕೆ ಹತ್ತಿರದ ನಮ್ಮ ಮನೆಯಲ್ಲಿ ತೆಂಗಿನಕಾಯಿ ಒಟ್ಟುವ ಅಟ್ಟದ ಏಣಿ ಹತ್ತಿದರೂ ಏದುಸಿರು ಬರತೊಡಗಿತು. ಡಾಕ್ಟರು ಎಕ್ಸರೇಯನ್ನು ಬೆಳಕಿಗೆ ಹಿಡಿದು ನೋಡಿ, ಈಗಲೇ ಬಿಡದಿದ್ದರೆ ಮುಂದೆ ನನ್ನ ಕೈಲೂ ಏನೂ ಆಗುವುದಿಲ್ಲ ಎಂದರು. ಬಿಟ್ಟೆ, ವಾರಕ್ಕೆ ಮತ್ತೆ ಹಿಡಿದೆ. ಕೆಮ್ಮಿಗಾದರೂ ಏನಾದರೂ ತರೋಣವೆಂದು ಯಜಮಾನರ ಅಂಗಡಿಗೆ ಹೋದೆ.

“ಕೆಮ್ಮಿಗೆ ಕೊಡ್ತೀನಿ. ಹೊಗೆಗೆ ಏನ್ ಕೊಡ್ಲಿ ಮೇಷ್ಟ್ರೇ?” ಎಂದರು.

ಅವರೇ ಬೆಂಚಿನ ಮೇಲೆ ಕೂರಿಸಿಕೊಂಡು, ಯಾವ ಯಾವ ಹೊತ್ತಿನಲ್ಲಿ ಸೇದಬೇಕೆನಿಸುತ್ತದೆ ಎಂದು ಕೇಳಿದರು. ಕಾಫಿ ಕುಡಿದ ಮೇಲೆ, ಊಟ ಆದ ಮೇಲೆ, ಹೆಡ್ ಮಾಸ್ಟರ ರೂಮಿನಿಂದ ಹೊರಗೆ ಬಂದ ಮೇಲೆ ಎಂದೆ. ಹೊಟ್ಟೆ ಕುಣಿಸಿ ನಕ್ಕರು. ಒಂದು ಡಬ್ಬಿಗೆ ಹುರಿದ ಓಂಕಾಳು, ಸೋಂಪು, ಜಜ್ಜಿದ ಜೇಷ್ಠಮಧು ತುಂಬಿ, ಬಾಯಿ ಕೇಳಿದಾಗಲೆಲ್ಲ ಒಂದು ಚಿಟಿಕೆ ಹಾಕಿಕೊಳ್ಳಿ ಎಂದರು. ಕಾಫಿ ಬಿಟ್ಟು ಜೀರಿಗೆ ಕಷಾಯ. ಬೆಳಗ್ಗೆ ಎದ್ದ ಕೂಡಲೇ ಬಿಸಿನೀರು ಕುಡಿದು ತೋಟ ಸುತ್ತಬೇಕು, ಪ್ರತಿ ಮರದ ಬುಡದಲ್ಲೂ ನಿಂತು ಸುಳಿ ನೋಡುತ್ತಾ ಉದ್ದಕ್ಕೆ ಉಸಿರು ಎಳೆದು ಬಿಡಬೇಕು. ಇಷ್ಟನ್ನು ಬೇರೆಯವರೂ ಹೇಳಿಯಾರು. ಅವರು ಕೊನೆಗೆ ಹೇಳಿದ್ದು ಮಾತ್ರ ಬೇರೆ ಯಾರಿಗೂ ಹೊಳೆಯುವಂಥದ್ದಲ್ಲ.

“ಅಟ್ಟದ್ ಮೇಲೆ ಒಂದ್ ಕಾಯಿಗೆ ಸುಣ್ಣದ್ ಬೊಟ್ಟಿಟ್ಟು ಮಡಗಿ. ಅದು ಕೊಬ್ರಿ ಆದ್ ದಿವ್ಸ ನಂಗೆ ತಂದು ತೋರ್ಸಿ. ನಡುವೆ ಒಂದೇ ಒಂದ್ ಸೇದುದ್ರೂ ಅವತ್ತೇ ಇಳ್ಸಿ ಚಟ್ನಿಗೆ ಹಾಕ್ಬುಡಿ. ಮಾರ್ನೇ ದಿವ್ಸ ಹೊಸ್ ಕಾಯಿ ಮಡಗಿ, ಅಷ್ಟೇಯ.”

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದ ಕಾಯಿ ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಎನ್ನಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅವಸರ ಮಾಡಿದರೆ ಬರುವಂಥದ್ದಲ್ಲ.

ಮೊದಲ ಮೂರು ಕಾಯಿ ಚಟ್ನಿಯಾದವು. ಹೊತ್ತಲ್ಲದ ಹೊತ್ತಿನಲ್ಲಿ ನಾನು ಕಾಯಿ ಸುಲಿಯುತ್ತಾ ಕೂತರೆ ನನ್ನವಳು ದೋಸೆಗೆ ನೆನೆಹಾಕುತ್ತಿದ್ದಳು. ನಾಲ್ಕನೆಯದು ನಿಂತಿತು. ತಿಂಗಳು ಕಳೆದಂತೆ ಕೆಮ್ಮು ಇಳಿಯಿತು, ಏಣಿ ಹತ್ತಿದರೂ ಉಸಿರು ನನ್ನ ಹಿಡಿತದಲ್ಲೇ ಇರುತ್ತಿತ್ತು. ತಿಪಟೂರಿಗೆ ಹೋದಾಗೆಲ್ಲ ಯಜಮಾನರು, “ಕಾಯಿ ಹೆಂಗೈತೆ?” ಎಂದೇ ಕೇಳುತ್ತಿದ್ದರು, ನಾನು ಹೇಗಿದ್ದೇನೆಂದಲ್ಲ. ಒಮ್ಮೆ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ತಮ್ಮನ ವಿಷಯ ಹೇಳಿದರು. ಆತ ಸೇದಿ ಸೇದಿಯೇ ಹೋದನಂತೆ. “ನಮ್ ಅಂಗಡೀಲೇ ಬೀಡಿ ಮಾರ್ತಿದ್ದೆ ಕಣ್ರೀ ಆಗ. ದಿನಾ ಕಟ್ಟು ಕೊಡ್ತಿದ್ದೋನು ನಾನೇ. ಆಮೇಲ್ ಎಷ್ಟೋ ಜನಕ್ಕೆ ಈ ಕಾಯಿ ಹೇಳ್ದೆ, ಒಬ್ರೂ ತಂದು ತೋರ್ಸ್ಲಿಲ್ಲ...” ಎಂದು ತಕ್ಕಡಿ ಒರೆಸುತ್ತಾ ನಿಂತರು.

ಒಂಬತ್ತನೆಯ ತಿಂಗಳಲ್ಲಿ ಕಂದಿಕೆರೆಯ ನಮ್ಮ ಭಾವ ತೀರಿಕೊಂಡರು. ಮಣ್ಣು ಮುಗಿಸಿ ಹುಣಸೆಮರದ ಕೆಳಗೆ ಕೂತಿದ್ದಾಗ ಪಕ್ಕದವರು ಯಾರೋ ಬೀಡಿ ಚಾಚಿದರು. ತೆಗೆದುಕೊಂಡೆ. ಪೂರ್ತಿ ಸೇದಿದೆ.

ಮನೆಗೆ ಬಂದವನೇ ಅಟ್ಟ ಹತ್ತಿದೆ. ಕಾಯಿ ಕೈಗೆತ್ತಿಕೊಂಡೆ, ಒಳಗೆ ನೀರಿನ ಸದ್ದೇ ಇಲ್ಲ. ಅರೆ ಒಣಗಿದ್ದು ಚಟ್ನಿಗೂ ಬಾರದು, ಕೊಬ್ಬರಿಯೂ ಅಲ್ಲ, ಸುಮ್ಮನೆ ದಂಡ ಎಂದು ನನಗೆ ನಾನೇ ಹೇಳಿಕೊಂಡೆ. ಬೊಟ್ಟು ಮೇಲೆ ಕಾಣುವಂತೆ ಮತ್ತೆ ಅಲ್ಲೇ ಇಟ್ಟು ಇಳಿದುಬಿಟ್ಟೆ. ಆಮೇಲೆ ಒಂದೂ ಸೇದಲಿಲ್ಲ, ಅದು ನಿಜ. ಆದರೆ ಆ ಒಂದು?

ಕಾಯಿ ಲೊಡಲೊಡ ಎಂದ ದಿನ ತೆಗೆದುಕೊಂಡು ಹೋದೆ. ಯಜಮಾನರು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕಣ್ಣು ಮುಚ್ಚಿದರು. ತಾವೇ ಸುಲಿದು ಒಡೆದರು. ಅಂಗಡಿಗೆ ಬಂದವರಿಗೆಲ್ಲ ಕೊಬ್ಬರಿ ಚೂರು, ಬೆಲ್ಲ. “ನಮ್ ಮೇಷ್ಟ್ರು ಬುಟ್ರು, ಪೂರ್ತಿ ವರ್ಷ” ಎಂದು ಎಲ್ಲರಿಗೂ ಹೇಳಿದರು. ಅವರ ಕಣ್ಣು ತುಂಬಿತ್ತು. ಹೇಳಿಬಿಡಬೇಕಿತ್ತು. ಅವರ ಮುಖ ನೋಡಿ ಸುಮ್ಮನಾದೆ. ಕರಟವನ್ನು ಅವರು ಬಿಸಾಡಲಿಲ್ಲ. ಉಜ್ಜಿ ನುಣುಪು ಮಾಡಿ ಓಂಕಾಳಿನ ಡಬ್ಬದಲ್ಲಿ ಇಟ್ಟುಕೊಂಡರು. ಆಮೇಲೆ ಬಿಡಬೇಕೆಂದು ಬಂದವರಿಗೆಲ್ಲ ಅದರಲ್ಲೇ ಓಂಕಾಳು ತೆಗೆದುಕೊಡುತ್ತಾ ನನ್ನ ಕಥೆ ಹೇಳುತ್ತಿದ್ದರಂತೆ.

ಅವತ್ತೇ ಊರಿಗೆ ಬಂದು ಇನ್ನೊಂದು ಕಾಯಿಗೆ ಬೊಟ್ಟಿಟ್ಟೆ. ಇದನ್ನು ಒಪ್ಪಿಸುವಾಗ ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದುಕೊಂಡೆ. ಆ ವರ್ಷ ಅವರ ಬೀದಿಗೆ ಹೋಗುವುದನ್ನೇ ಕಡಿಮೆ ಮಾಡಿದೆ. ಒಮ್ಮೆ ಮನಸ್ಸು ತಡೆಯದೆ ಕಾಯಿ ಅಲ್ಲಾಡಿಸಿ ನೋಡಿದೆ. ತಿರುಳು ಇನ್ನೂ ಅಂಟಿಕೊಂಡಿತ್ತು. ಆಗಲಿ, ಇನ್ನೊಂದು ತಿಂಗಳು ಎಂದೆ.

ಆ ತಿಂಗಳು ಕಳೆದ ಮೇಲೆ ಚೀಲದಲ್ಲಿ ಕಾಯಿ ಇಟ್ಟುಕೊಂಡು ಹೋದರೆ ಅಂಗಡಿಯ ಬಾಗಿಲು ಹಾಕಿತ್ತು. ಎದುರಿಗೆ ಹೂವು ಕಟ್ಟುತ್ತಿದ್ದ ಹೆಂಗಸು, “ಯಜಮಾನ್ರು ಹೋಗ್ಬುಟ್ರು ಕಣಪ್ಪ. ನಿಮ್ಗೆ ಗೊತ್ತಾಗ್ಲಿಲ್ವಾ? ಹನ್ನೊಂದನೇ ದಿವ್ಸದ್ ಕಾರ್ಯನೂ ಮುಗೀತು” ಎಂದಳು. ಕಾಯಿಯನ್ನು ಹಾಗೇ ವಾಪಸು ತಂದು ಅಟ್ಟದ ಮೇಲೆ ಇಟ್ಟೆ. ಮುಂಚೆಯೇ ಹೋಗಿ ಹೇಳಿದ್ದರೆ ಏನಾಗುತ್ತಿತ್ತು? ನಕ್ಕು, ಹೊಸ ಕಾಯಿ ಮಡಗಿ ಎನ್ನುತ್ತಿದ್ದರು. ಅಷ್ಟೇಯ.

ಈಗ ಅಲ್ಲಿ ಮೊಬೈಲ್ ಅಂಗಡಿಯಿದೆ. ಕರಟ ಏನಾಯಿತೋ ಗೊತ್ತಿಲ್ಲ. ನಾನು ಕಾಫಿಯನ್ನು ಮತ್ತೆ ಹಿಡಿದಿದ್ದೇನೆ, ಹೊಗೆ ಮುಟ್ಟಿಲ್ಲ. ಪ್ರತಿ ವರ್ಷ ಕಾಯಿ ಸುಲಿಯುವವರು ಬಂದಾಗ ಆ ಬೊಟ್ಟಿನ ಕಾಯಿಯೊಂದನ್ನು ಮುಟ್ಟಬೇಡಿ ಎಂದು ಹೇಳುತ್ತೇನೆ. ಕೊಬ್ಬರಿ ಕನರಿ ಹೋಗಿರುತ್ತದೆ, ಗೊತ್ತು.

ಮೊನ್ನೆ ಓಂಕಾಳಿನ ಘಾಟು ಆರುವ ಮುಂಚೆಯೇ ಅಟ್ಟ ಹತ್ತಿದೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ, ಅವರು ಮಾಡಿದ ಹಾಗೇ. ಲೊಡಲೊಡ ಎಂದಿತು. “ಯಜಮಾನ್ರೇ, ಕಂದಿಕೆರೇಲಿ ಒಂದು ಸೇದಿದ್ದೆ” ಎಂದೆ. ಕೆಳಗಿನಿಂದ ನನ್ನವಳು, “ಯಾರ್ ಜೊತೆ ಮಾತಾಡ್ತಿದ್ದೀರಿ?” ಎಂದು ಕೇಳಿದಳು. ನಾನು ಕಾಯಿಯನ್ನು ಅದರ ಜಾಗದಲ್ಲೇ ಇಟ್ಟು ಇಳಿದು ಬಂದೆ.