ಹುಸೇನಸಾಬರು ಹಾಕಿದ ರಬ್ಬರ್ ಬೂಟು

ಕಳೆದ ಅಮಾವಾಸ್ಯೆಯ ದಿನ ಕೋರ್ಟಿನಲ್ಲಿ ಕೆಲಸ ಬೇಗ ಮುಗಿಯಿತು. ಮಧ್ಯಾಹ್ನ ಮೂರಕ್ಕೇ ಮನೆಗೆ ಬಂದೆ. ಅಂಗಳದಲ್ಲಿ ನಿಂತಿದ್ದ ನನ್ನ ಕಾರಿನ ಹಿಂಭಾಗದಿಂದ ಎರಡು ಕಾಲು ಹೊರಗೆ ಚಾಚಿಕೊಂಡಿದ್ದವು. ಬರಿಗಾಲು. ಒಡೆದ ಹಿಮ್ಮಡಿ.

ನನ್ನ ಅಪ್ಪನ ಕಾಲು!

ಕೈಯಲ್ಲಿದ್ದ ಫೈಲು ಕಟ್ಟೆಯ ಮೇಲೆ ಎಸೆದು ಓಡಿದೆ. ಅಪ್ಪ ಬಿದ್ದಿರಲಿಲ್ಲ. ಚಾಪೆ ಹಾಸಿಕೊಂಡು, ಒಂದು ಮಗ್ಗುಲಾಗಿ ಮಲಗಿ, ಕಾರಿನ ಕೆಳಗೆ ಕೈ ಹಾಕಿ ಏನೋ ಮಾಡುತ್ತಿದ್ದರು. ಪಕ್ಕದಲ್ಲಿ ಹಿತ್ತಾಳೆಯ ಬಟ್ಟಲು, ಒಂದು ಚಿಂದಿ ಬಟ್ಟೆ. ಅವರು ಏನು ಮಾಡುತ್ತಿದ್ದಾರೆಂದು ತಿಳಿದಾಗ ನಾನು ಅಲ್ಲೇ ಕುಕ್ಕರಿಸಿಬಿಟ್ಟೆ. ಅದನ್ನು ಹೇಳುವುದಕ್ಕೆ ಮೊದಲು ನಿಮಗೆ ನನ್ನ ಒಂದು ಹಳೆಯ ಬರಹವನ್ನು ನೆನಪಿಸಬೇಕು. (ನೆನಪಿಸಲು ಇಷ್ಟವಿಲ್ಲ. ಆದರೂ ನೆನಪಿಸಬೇಕು.)

ಮೂರು ತಿಂಗಳ ಹಿಂದೆ ಪತ್ರಿಕೆಯ ಇದೇ ಅಂಕಣದಲ್ಲಿ ಒಬ್ಬ ಕಾರ್ ಮಿಸ್ತ್ರಿಯ ಬಗ್ಗೆ ಬರೆದಿದ್ದೆ. ಒರಿಜಿನಲ್ ಎಂದು ಹೇಳಿ ಡುಪ್ಲಿಕೇಟ್ ಸಾಮಾನು ಹಾಕುವ ಮಿಸ್ತ್ರಿ. ಏಕವಚನದಲ್ಲಿ ಬರೆದಿದ್ದೆ. ನೀವು ಓದಿ ನಕ್ಕಿರಿ. ಎಷ್ಟೋ ಜನ ಕಾರ್ಡು ಬರೆದು ಭೇಷ್ ಅಂದಿರಿ. ಆ ಕಾರ್ಡುಗಳನ್ನು ನಾನು ಎರಡೆರಡು ಸಲ ಓದಿದೆ, ಸುಳ್ಳು ಯಾಕೆ ಹೇಳಲಿ?

ಆ ಬರಹ ತಪ್ಪು. ಬೇರಿನಿಂದ ತುದಿಯವರೆಗೆ ತಪ್ಪು. ಇವತ್ತು ಬರೆಯುತ್ತಿರುವುದು ಅದಕ್ಕೇ.

ನನ್ನ ಕಾರು ನಿಮ್ಮಲ್ಲಿ ಬಹಳ ಜನರಿಗೆ ಗೊತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅದು ವಿಲಾಯತಿ ಸ್ಪೋರ್ಟ್ಸ್ ಕಾರು. ಎರಡೇ ಸೀಟು. ನೆಲಕ್ಕೆ ಅಂಟಿದಂತೆ ಕುಳ್ಳಗಿದೆ. ಎಂಜಿನ್ ಹಿಂದೆ, ಡಿಕ್ಕಿ ಮುಂದೆ. ಗದಗ-ಬೆಟಗೇರಿಯಲ್ಲಿ ಇಂಥದ್ದು ಇನ್ನೊಂದಿಲ್ಲ. ಕಪ್ಪೆಯ ಹಾಗಿದೆ ಅಂತ ಓಣಿಯ ಹುಡುಗರು ‘ಕಪ್ಪಿಗಾಡಿ’ ಅನ್ನುತ್ತಾರೆ. ನನ್ನಂಥ ಸಣ್ಣ ವಕೀಲನಿಗೆ ಇಂಥ ಕಾರು ಯಾಕೆ ಬೇಕಿತ್ತು? ಹೆಂಡತಿಯೂ ಇದನ್ನೇ ಕೇಳುತ್ತಾಳೆ. ಹುಬ್ಬಳ್ಳಿಯಲ್ಲಿ ಒಬ್ಬರ ಶೆಡ್ಡಿನಲ್ಲಿ ಧೂಳು ತಿನ್ನುತ್ತ ನಿಂತಿದ್ದುದನ್ನು ಕಂಡೆ, ಹುಚ್ಚು ಹಿಡಿಯಿತು, ತಂದೆ. ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿ ಇಲ್ಲ.

ಈ ಕಾರಿನಲ್ಲಿ ಎಂಜಿನ್ನಿನ ಬಲ ಹಿಂದಿನ ಗಾಲಿಗಳಿಗೆ ಹೋಗುವುದು ಎರಡು ಗಿಡ್ಡ ಆಕ್ಸಲ್‌ಗಳ ಮೂಲಕ. ಆಕ್ಸಲಿನ ತುದಿಗೆ ಜಾಯಿಂಟು. ಜಾಯಿಂಟಿನೊಳಗೆ ಉಕ್ಕಿನ ಗುಂಡುಗಳು, ಗುಂಡುಗಳಿಗೆ ಗ್ರೀಸು. ಗ್ರೀಸು ಹೊರಗೆ ಬರಬಾರದು, ಧೂಳು ಒಳಗೆ ಹೋಗಬಾರದು. ಅದಕ್ಕಾಗಿ ಜಾಯಿಂಟಿನ ಮೇಲೆ ಒಂದು ರಬ್ಬರಿನ ಕವಚ, ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿ. ಅದಕ್ಕೆ ಬೂಟು ಅನ್ನುತ್ತಾರೆ. ಬೂಟು ಹರಿದರೆ ಜಾಯಿಂಟು ಹೋಯಿತು. ಜಾಯಿಂಟು ಹೋದರೆ ಕಾರು ನಡುದಾರಿಯಲ್ಲಿ ಕೂತಿತು.

ನಮ್ಮೂರಲ್ಲಿ ಈ ಕಾರಿನ ಮೈಗೆ ಕೈ ಹಾಕುವ ಧೈರ್ಯ ಮಾಡಿದವರು ಒಬ್ಬರೇ. ಹುಸೇನಸಾಬರು. ಬೆಟಗೇರಿ ರಸ್ತೆಯ ಬದಿಗೆ ಅವರ ತಗಡಿನ ಗ್ಯಾರೇಜು. ಉರ್ದು ಓದುತ್ತಾರೆ. ಕನ್ನಡ ನಮ್ಮ ನಿಮ್ಮ ಹಾಗೆ ಮಾತಾಡುತ್ತಾರೆ, ಓದಲು ಮಾತ್ರ ಬಾರದು. ಕಾರು ತಂದು ನಿಲ್ಲಿಸಿದಾಗ ಮೂರು ದಿನ ಸುಮ್ಮನೆ ಅದರ ಕೆಳಗೆ ಮಲಗಿ ನೋಡಿದರು. ನಾಲ್ಕನೆಯ ದಿನ ಸ್ಪ್ಯಾನರ್ ಹಿಡಿದರು.

ಹಳೆಯ ಬೂಟುಗಳು ಬಿರಿದು ಹೋಗಿದ್ದವು. ಹೊಸವು ಮುಂಬಯಿಯಿಂದ ರೈಲ್ವೆ ಪಾರ್ಸಲ್ಲಿನಲ್ಲಿ ಬಂದವು. ಅವನ್ನು ಹಾಕುವ ದಿನ ಅಪ್ಪನೂ ನನ್ನ ಜೊತೆ ಗ್ಯಾರೇಜಿಗೆ ಬಂದಿದ್ದರು. ಹುಸೇನಸಾಬರು ಗಾಲಿ ಬಿಚ್ಚಿದರು, ಆಕ್ಸಲ್ ಇಳಿಸಿದರು, ಕಪ್ಪಾದ ಗ್ರೀಸನ್ನೆಲ್ಲ ಒರೆಸಿ ತೆಗೆದರು. ಗುಂಡುಗಳನ್ನು ಒಂದೊಂದಾಗಿ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಯಾವ ಗುಂಡು ಯಾವ ಮನೆಯಲ್ಲಿತ್ತೋ ಅಲ್ಲಿಗೇ ಹೋಗಬೇಕಂತೆ. ಹೊಸ ಗ್ರೀಸನ್ನು ಬೆರಳಿನಿಂದ ಒತ್ತಿ ತುಂಬಿದರು. ಬೂಟು ಏರಿಸಿ, ಪಟ್ಟಿ ಬಿಗಿದು, ಅಪ್ಪನನ್ನು ಹತ್ತಿರ ಕರೆದರು.

“ಅಜ್ಜಾರ, ಗಾಡಿ ಜೀವ ಇಲ್ಲೇ ಐತಿ ನೋಡ್ರಿ. ಇದೊಂದು ಸ್ವಚ್ಛ ಇತ್ತಂದ್ರ ನಿಮ್ಮ ಮಗಂದು ಚಿಂತೀನ ಇಲ್ಲ.”

ಅಪ್ಪ ಬಗ್ಗಿ ನೋಡಿದರು. ಕರಿಯ, ಹೊಳೆಯುವ ರಬ್ಬರು. ಬಹಳ ಹೊತ್ತು ನೋಡಿದರು. ನನಗೆ ಅದು ಆಗ ದೊಡ್ಡದು ಅನ್ನಿಸಲಿಲ್ಲ.

ಆರು ತಿಂಗಳಿಗೆ ಬೂಟು ಹರಿಯಿತು! ಹುಸೇನಸಾಬರು ಮತ್ತೆ ತರಿಸಿ ಹಾಕಿದರು. ಅವೂ ಹರಿದವು. ನನಗೆ ಗೊತ್ತಾದದ್ದು ಡಂಬಳ ದಾಟಿದ ಮೇಲೆ. ಮುಂಡರಗಿ ಕೋರ್ಟಿಗೆ ಹೊರಟಿದ್ದೆ. ಹಿಂದಿನಿಂದ ಟಕ್ ಟಕ್ ಅಂತ ಶುರುವಾದದ್ದು ಕಟಕಟ ಆಯಿತು, ಆಮೇಲೆ ಕಾರು ನಿಂತೇಬಿಟ್ಟಿತು. ಗಾಲಿಯ ಒಳಗೆಲ್ಲ ಗ್ರೀಸು ಚೆಲ್ಲಿತ್ತು. ನಾನು ಕೋರ್ಟು ಮುಟ್ಟುವಷ್ಟರಲ್ಲಿ ಕೇಸು ಕರೆದು ಮುಗಿದಿತ್ತು. ನನ್ನ ಕಕ್ಷಿದಾರ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದ ರೀತಿಯನ್ನು ನಾನು ಮರೆಯಲಾರೆ.

ಆ ಸಿಟ್ಟನ್ನೆಲ್ಲ ಹೊತ್ತುಕೊಂಡು, ಕಾರನ್ನು ಎಳೆಸಿಕೊಂಡು ಗ್ಯಾರೇಜಿಗೆ ಹೋದೆ. ಶಿರಹಟ್ಟಿಯ ಡಾಕ್ಟರೊಬ್ಬರು ತಮ್ಮ ಫಿಯಟ್ ತಂದು ಅಲ್ಲೇ ಕೂತಿದ್ದರು. ಲಕ್ಷ್ಮೇಶ್ವರದ ಹತ್ತಿ ವ್ಯಾಪಾರಿಯೂ ಇದ್ದರು. ಇರಲಿ, ಕೇಳಲಿ ಅಂತಲೇ ಜೋರಾಗಿ ಕೂಗಿದೆ. “ಒರಿಜಿನಲ್ ಅಂತ ಹೇಳಿ ಡುಪ್ಲಿಕೇಟ್ ಹಾಕ್ತೀರೇನು? ಮಂದಿ ಜೀವದ ಜೋಡಿ ಆಟ ಆಡ್ತೀರೇನು?”

ಹುಸೇನಸಾಬರು ಹರಿದ ಬೂಟನ್ನು ಬಿಚ್ಚಿ ಕೈಗೆ ತೆಗೆದುಕೊಂಡರು. ಹೆಬ್ಬೆರಳಿನಿಂದ ಒತ್ತಿದರು. ಮೂಗಿನ ಹತ್ತಿರ ಹಿಡಿದು ಮೂಸಿದರು. (ನಾಟಕ ಅಂದುಕೊಂಡೆ.) ನನ್ನ ಮುಖ ನೋಡಿದರು, ಮತ್ತೆ ಬೂಟು ನೋಡಿದರು.

“ತಪ್ಪಾತ್ರಿ ವಕೀಲರ. ಬ್ಯಾರೆ ಹಾಕಿಕೊಡ್ತೇನ್ರಿ.”

ತಪ್ಪಾತು ಅಂದಮೇಲೆ ಇನ್ನೇನು ಬೇಕು? ತಪ್ಪೊಪ್ಪಿಗೆ ಸಿಕ್ಕಿತಲ್ಲ! ಅಂದೇ ಕೂತು ಬರೆದೆ. ಹೆಸರು ಬರೆಯಲಿಲ್ಲ. ಹೆಸರು ಹೇಳದೆ ಹೊಡೆಯುವ ವಿದ್ಯೆ ವಕೀಲನಿಗೆ ಗೊತ್ತಿರುತ್ತದೆ. ಆದರೆ ಊರಲ್ಲಿ ಇರುವುದು ಒಂದೇ ಕಪ್ಪಿಗಾಡಿ, ಅದನ್ನು ರಿಪೇರಿ ಮಾಡುವವರು ಒಬ್ಬರೇ. ಹೆಸರು ಯಾಕೆ ಬೇಕು? ಪತ್ರಿಕೆ ಬಂದ ವಾರದಲ್ಲೇ ಡಾಕ್ಟರ ಫಿಯಟ್ ಹುಬ್ಬಳ್ಳಿಯ ದಾರಿ ಹಿಡಿಯಿತು. ಹತ್ತಿ ವ್ಯಾಪಾರಿಯ ಅಂಬಾಸಿಡರೂ, ಜೀಪೂ ಬರುವುದು ನಿಂತಿತು. ಇಪ್ಪತ್ತೈದು ವರ್ಷ ಗ್ರೀಸಿನಲ್ಲಿ ಕೈ ಅದ್ದಿ ಒಬ್ಬ ಮನುಷ್ಯ ಗಳಿಸಿದ್ದ ಹೆಸರು ನನ್ನ ಒಂದು ಪುಟದಲ್ಲಿ ಹೋಯಿತು. ಖಾಲಿ ಗ್ಯಾರೇಜಿನ ಮುಂದೆ ನಾನು ದಿನವೂ ಓಡಾಡಿದೆ. ಬುದ್ಧಿ ಬರಲಿ ಅಂದುಕೊಂಡೆ.

ಈಗ ಅಮಾವಾಸ್ಯೆಯ ಮಧ್ಯಾಹ್ನಕ್ಕೆ ಬರುತ್ತೇನೆ.

ಅಪ್ಪ ಲಕ್ಷ್ಮೇಶ್ವರದ ಒಂದು ಗುಡಿಯಲ್ಲಿ ನಲವತ್ತು ವರ್ಷ ಪೂಜೆ ಮಾಡಿದವರು. ಬೆಳಿಗ್ಗೆ ಎದ್ದು ಕರಿಯ ಕಲ್ಲಿನ ಮೂರ್ತಿಯನ್ನು ತೊಳೆದು, ಒರೆಸಿ, ಎಣ್ಣೆ ಹಚ್ಚಿ ಹೊಳೆಯುವಂತೆ ಮಾಡುವುದು ಅವರ ಕೈಗೆ ಉಸಿರಾಡಿದಷ್ಟು ಸಹಜ. ಎರಡು ವರ್ಷದ ಹಿಂದೆ ಆ ಕೈ ನಡುಗಲು ಶುರುವಾಯಿತು. ಒಂದು ದಿನ ಆರತಿ ತಟ್ಟೆ ಜಾರಿತು. ಗುಡಿ ನಡೆಸುವ ಮನೆತನದವರೇ, ಬಹಳ ಮರ್ಯಾದೆಯಿಂದ, “ಇನ್ನ ನೀವು ಆರಾಮ ಇರ್ರಿ” ಅಂದರು. ಅಪ್ಪ ಗದಗಿಗೆ ನನ್ನ ಮನೆಗೆ ಬಂದರು. ಅವರು ಆ ಮೇಲೆ ಗರ್ಭಗುಡಿಯ ಮಾತೇ ಆಡಲಿಲ್ಲ.

ನಮ್ಮ ಕಡೆ ಅಮಾವಾಸ್ಯೆಗೊಮ್ಮೆ ಗಾಡಿ ಪೂಜೆ ಇದ್ದದ್ದೇ. ತೊಳೆಯುವುದು, ಕುಂಕುಮ ಹಚ್ಚುವುದು, ಕಾಯಿ ಒಡೆಯುವುದು, ಗಾಲಿಗೆ ಲಿಂಬೆಹಣ್ಣು ಇಡುವುದು. ಅದನ್ನು ಅಪ್ಪನಿಗೆ ಬಿಟ್ಟಿದ್ದೆ. ಸಂಜೆ ಬಂದು ಕೈ ಮುಗಿದರೆ ನನ್ನ ಕೆಲಸ ಮುಗಿಯಿತು. ಅದಕ್ಕೂ ಮೊದಲು ಅವರು ಏನು ಮಾಡುತ್ತಾರೆಂದು ನಾನು ಒಮ್ಮೆಯೂ ನೋಡಿರಲಿಲ್ಲ.

“ಅಪ್ಪಾ, ಏನ್ ಮಾಡಾಕತ್ತೀರಿ?”

“ಬೂಟಿಗೆ ಎಣ್ಣಿ ಹಚ್ಚಾಕತ್ತೇನಿ. ಮೊದಲ ಚಿಮಣಿ ಎಣ್ಣಿಲೆ ಧೂಳ ಒರಸೋದು. ಆಮ್ಯಾಲ ಕುಸುಬಿ ಎಣ್ಣಿ. ನೋಡು, ಹ್ಯಾಂಗ ಹೊಳಿತಾವ. ನಿನ್ನ ಜೀವ ಇದರಾಗ ಐತಿ ಅಂತ ಹುಸೇನಸಾಬ ಹೇಳ್ಯಾನಲ್ಲ?”

ಅವರ ಕೈ ನಡುಗುತ್ತಿತ್ತು. ಆದರೂ ಒಂದು ಮಡಿಕೆಯನ್ನೂ ಬಿಡದೆ ಹಚ್ಚುತ್ತಿದ್ದರು.

ನಾನು ಕೈ ಚಾಚಿ ಬೂಟು ಮುಟ್ಟಿದೆ. ಮೂರು ತಿಂಗಳ ಹಿಂದೆ, ಆ ಜಗಳದ ಮೇಲೆ ಹುಸೇನಸಾಬರೇ ಹೊಸದಾಗಿ ಹಾಕಿದ್ದು, ಆಗಲೇ ಉಬ್ಬಿ ಮೆತ್ತಗಾಗಿತ್ತು. ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ರಬ್ಬರನ್ನು ತಿನ್ನುತ್ತದೆ ಎಂದು ಕಾಲೇಜು ಓದಿದ ನನಗೆ ಗೊತ್ತು. ಕಲ್ಲಿಗೆ ಎಣ್ಣೆ ಹಚ್ಚಿ ಬಾಳು ಕಳೆದ ಅಪ್ಪನಿಗೆ ಯಾರು ಹೇಳಬೇಕಿತ್ತು?

ಬೆರಳನ್ನು ಮೂಸಿದೆ. ಅವತ್ತು ಗ್ಯಾರೇಜಿನಲ್ಲಿ ಬೂಟು ಮೂಸುತ್ತ ನಿಂತಿದ್ದ ಹುಸೇನಸಾಬರು ಕಣ್ಣ ಮುಂದೆ ಬಂದರು. ಅಪ್ಪನಿಗೆ ಏನೂ ಹೇಳದೆ ಹಾಗೇ ಹೊರಟೆ. ನಡೆದುಕೊಂಡೇ ಹೋದೆ.

ಗ್ಯಾರೇಜಿನಲ್ಲಿ ಒಂದು ಹಳೆಯ ಮೋಟರ್ ಸೈಕಲ್ ಬಿಟ್ಟರೆ ಏನೂ ಇರಲಿಲ್ಲ.

“ಹುಸೇನಸಾಬ್ರ, ಅವತ್ತು ನಿಮಗ ಗೊತ್ತಾಗಿತ್ತಲ್ಲ?”

“ಗೊತ್ತಾಗಿತ್ರಿ. ಕುಸುಬಿ ಎಣ್ಣಿ ವಾಸ್ನಿ ಯಾರಿಗೆ ಗೊತ್ತಾಗಂಗಿಲ್ರಿ? ನಿಮ್ಮ ಮನ್ಯಾಗ ಗಾಡಿ ಮುಟ್ಟಾವ್ರು ಅಜ್ಜಾರೊಬ್ರ.”

“ಹಂಗಾರ ತಪ್ಪಾತು ಅಂತ ಯಾಕಂದ್ರಿ?”

“ಖರೇನ ನಂದ ತಪ್ರಿ. ಸ್ವಚ್ಛ ಇಡ್ರಿ ಅಂದೆ, ಎದರಿಂದ ಅಂತ ಹೇಳಲಿಲ್ಲ. ಅಜ್ಜಾರು ಒಬ್ಬರ ಸಿಕ್ಕಾಗ ಹೇಳೂಣಂತ ಸುಮ್ಮನಾದೆ. ಅಷ್ಟರಾಗ ನೀವು ಪೇಪರಿನ್ಯಾಗ ಬರದ್ರಿ. ಇನ್ನ ಹೇಳಿದ್ರ, ನನ್ನ ಗ್ಯಾರೇಜ್ ಅವರ ಕೈಲೆ ಹಾಳಾತು ಅಂತ ಆಗ್ತಿತ್ತಲ್ರಿ. ಹಿರೇರು. ಹ್ಯಾಂಗ ತಡಕೊಂತಾರ?”

ನಾಚಿಕೆ ಅನ್ನುವ ಶಬ್ದವನ್ನು ಈ ಅಂಕಣದಲ್ಲಿ ಎಷ್ಟೋ ಸಲ ಬಳಸಿದ್ದೇನೆ. ಅದರ ಅರ್ಥ ನನಗೆ ಅವತ್ತು ತಿಳಿಯಿತು. ಬರೆದು ಸರಿಪಡಿಸುತ್ತೇನೆ ಅಂದೆ. ಅವರು ಬೇಡ ಅಂದರು. “ಅಜ್ಜಾರು ಪ್ರತಿ ವಾರ ನಿಮ್ದು ಓದ್ತಾರ್ರಿ. ಬಿಡ್ರಿ.”

ಬಿಡುವುದೇ? ಅಪ್ಪನ ಮನಸ್ಸು ಉಳಿಸಲು ಹುಸೇನಸಾಬರ ಹೆಸರು ಹೋದರೆ ಹೋಗಲಿ ಅನ್ನುವುದೇ? ಆ ಲೆಕ್ಕ ಅವರು ಹಾಕಬಹುದು, ಅವರದು ದೊಡ್ಡ ಮನಸ್ಸು. ನಾನು ಹಾಕುವಂತಿಲ್ಲ. ಮರುದಿನ ಬೆಳಿಗ್ಗೆ ಅಪ್ಪನ ಪಕ್ಕ ಕೂತು ಎಲ್ಲ ಹೇಳಿದೆ.

ಅಪ್ಪ ತಮ್ಮ ಅಂಗೈಗಳನ್ನು ತಿರುವಿ ನೋಡಿಕೊಂಡರು. “ನಾನು ತಿಳೀಲಾರದ ಮಾಡಿದೆ. ನೀನರ ಬರಿಯೂ ಮುಂದ ಅವಂಗ ಒಂದ ಮಾತು ಕೇಳಬಾರದಿತ್ತೇನು?”

ಈಗಲಾದರೂ ಬರೆದು ಸರಿಪಡಿಸಲೇ ಅಂದೆ.

“ಬರಿ. ಅಪ್ಪನ ಕೈ ಅಂತನ ಬರಿ. ಮುಚ್ಚಿ ಬರೀಬ್ಯಾಡ.”

ಅವರೇ ಟಾಂಗಾ ತರಿಸಿಕೊಂಡು ಗ್ಯಾರೇಜಿಗೆ ಹೋದರು. ನನ್ನನ್ನು ಜೊತೆಗೆ ಕರೆಯಲಿಲ್ಲ. ಅಲ್ಲಿ ಇಬ್ಬರೂ ಏನು ಮಾತಾಡಿದರೋ ಗೊತ್ತಿಲ್ಲ. ಬಂದಮೇಲೆ ಅಪ್ಪ ಇಷ್ಟೇ ಹೇಳಿದರು. ರಬ್ಬರಿಗೆ ಎಣ್ಣೆ ಬೇಡ, ಒದ್ದೆ ಬಟ್ಟೆ ಸಾಕು, ಮುಂದಿನ ಅಮಾವಾಸ್ಯೆಗೆ ಹುಸೇನಸಾಬರೇ ಬಂದು ಪಕ್ಕದಲ್ಲಿ ಕೂತು ತೋರಿಸುತ್ತಾರಂತೆ.

ಈ ಬರಹವನ್ನು ಅಚ್ಚಿಗೆ ಕಳಿಸುವ ಮೊದಲು ಗ್ಯಾರೇಜಿಗೆ ಒಯ್ದೆ. ಕೇಳದೆ ಬರೆಯುವ ಚಟ ಇನ್ನು ಸಾಕು. ಹುಸೇನಸಾಬರ ಮಗಳು, ಕಾಲೇಜಿಗೆ ಹೋಗುವವಳು, ಬಾಗಿಲಲ್ಲಿ ನಿಂತು ಮೊದಲಿನಿಂದ ಕೊನೆಯವರೆಗೆ ಓದಿದಳು. ಅವಳ ದನಿ ಎಲ್ಲಿಯೂ ಸಡಿಲವಾಗಲಿಲ್ಲ. ನನ್ನ ಹಿಂದಿನ ಬರಹವನ್ನೂ ತನ್ನ ಅಪ್ಪನಿಗೆ ಅವಳೇ ಓದಿ ಹೇಳಿದ್ದಳಂತೆ.

ಹುಸೇನಸಾಬರು ಕೈ ಒರೆಸಿಕೊಳ್ಳುತ್ತ ಕೇಳಿಸಿಕೊಂಡರು. ಚಲೋ ಬರದೀರಿ ಅಂದರು. ಆಮೇಲೆ ರಸ್ತೆಯ ಕಡೆ ನೋಡುತ್ತ, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದರು.

“ಅದನ್ನ ಓದಿದವ್ರೆಲ್ಲಾ ಇದನ್ನೂ ಓದ್ತಾರೇನ್ರಿ?”